ಗಂಡನ ಪಕ್ಕದ ಅಲ್ಪವಿರಾಮ

ದಾವಣಗೆರೆಯ ಶಾಲೆಯಲ್ಲಿ ನಮ್ಮ ಇಂಗ್ಲಿಷ್ ಮೇಡಂ ಮೇಜಿನ ಮೇಲೆ ಸ್ಕೇಲು ಕುಟ್ಟಿ ಓದು ಕಲಿಸಿದವರು. ಅಲ್ಪವಿರಾಮಕ್ಕೆ ಒಂದು ಏಟು, ಪೂರ್ಣವಿರಾಮಕ್ಕೆ ಎರಡು. ಏಟು ಬೀಳುವ ಮೊದಲೇ ಬಾಯಿ ತೆರೆದರೆ ಮುಂದಿನದು ನಮ್ಮ ಬೆರಳಿಗೆ. ಹಾಗಾಗಿ ಡಾಕ್ಟರಾಗಿ ಐರ್ಲೆಂಡಿನ ಕಾರ್ಕ್‌ಗೆ ಬಂದ ಮೇಲೂ ನನ್ನ ಇಂಗ್ಲಿಷ್ ನಿಲ್ಲಬೇಕಾದಲ್ಲೆಲ್ಲ ಶಿಸ್ತಾಗಿ ನಿಲ್ಲುತ್ತಿತ್ತು. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಕೊರೊನಾ ಕಾಲ. ಆಸ್ಪತ್ರೆಯೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ದಿನಾ ಮಧ್ಯಾಹ್ನ ರೋಗಿಗಳ ಮನೆಗೆ ಫೋನ್ ಮಾಡಿ ಸುದ್ದಿ ಹೇಳುವುದು ನಮ್ಮಂಥ ಕಿರಿಯ ಡಾಕ್ಟರುಗಳ ಕೆಲಸ. ನನ್ನ ಪಾಲಿಗೆ ಬಂದವರಲ್ಲಿ ಒಬ್ಬರು ಆಕ್ಸಿಜನ್ ಮೇಲಿದ್ದ ನಿವೃತ್ತ ಬಸ್ ಡ್ರೈವರ್. ಫೋನಿನ ಆ ತುದಿಯಲ್ಲಿ ಅವರ ಹೆಂಡತಿ.

ಮೊದಲ ದಿನ ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. “ಯುವರ್ ಹಸ್ಬೆಂಡ್,” ಎಂದು ನಿಂತೆ. “ಹೂ ವಾಸ್ ವೆರಿ ಸಿಕ್ ಲಾಸ್ಟ್ ನೈಟ್,” ಎಂದು ಮತ್ತೆ ನಿಂತೆ. “ಈಸ್ ಈಟಿಂಗ್ ಪಾರಿಡ್ಜ್.”

ಆ ಕಡೆ ಏನೋ ಬಿದ್ದ ಸದ್ದು, ಆಮೇಲೆ ಬೈಗುಳ. “ನನ್ನನ್ನ ಸಾಯಿಸಬೇಕು ಅಂತಿದ್ದೀಯಾ ಹುಡುಗಿ? ‘ನಿಮ್ಮ ಗಂಡ’ ಅಂದು ಬಾಯಿ ಮುಚ್ಕೊಂಡ್ರೆ ನಾನೇನು ಅಂದ್ಕೋಬೇಕು? ಗಂಜಿ ತಿಂತಿದ್ದಾನೆ ಅಂತ ಮೊದಲೇ ಹೇಳೋಕೆ ಏನು ದಾಡಿ?”

ನನಗೂ ಮೂಗಿನ ತುದಿಯಲ್ಲೇ ಕೋಪ. ಇಷ್ಟು ಶುದ್ಧವಾಗಿ ಮಾತಾಡಿ ಬೈಸಿಕೊಳ್ಳುವುದೇ? ಮನೆಗೆ ಬಂದು ರೂಮ್‌ಮೇಟ್ ಮುಂದೆ ಕೂಗಾಡಿದೆ. ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನವಳು ಅವಳು. ಈರುಳ್ಳಿ ಹೆಚ್ಚುತ್ತಲೇ ನಕ್ಕಳು.

“ನೀನು ಇಂಗ್ಲಿಷ್‌ನಲ್ಲೂ ಕನ್ನಡಾನೇ ಮಾತಾಡ್ತೀಯ ಕಣೇ. ಸುದ್ದೀನ ಕೊನೇಗೆ ಇಟ್ಕೋತೀಯ. ನಮ್ಮಲ್ಲಾದ್ರೆ ‘ರಾತ್ರಿ ಒದ್ದಾಡಿದ ನಿಮ್ಮ ಯಜಮಾನ್ರು’ ಅಂತ ಒಂದೇ ಉಸಿರಲ್ಲಿ ಹೋಗುತ್ತೆ. ಇಲ್ಲಿ ಗಂಡನ್ನ ಮೊದಲು ತಂದು ನಿಲ್ಲಿಸಿ, ಆಮೇಲೆ ಅವನ ಕತೆ ಶುರು ಮಾಡ್ಬೇಕು. ಮಧ್ಯೆ ಗ್ಯಾಪ್ ಬಂದೇ ಬರುತ್ತೆ.”

“ಹಾಗಾದ್ರೆ ಗ್ಯಾಪ್ ಬಿಡದೆ ಹೇಳ್ಲಾ?”

“ಬಿಡದಿದ್ರೆ, ಆಯಮ್ಮಂಗೆ ನಾಲ್ಕೈದು ಗಂಡಂದಿರಿದ್ದಾರೆ, ಅದ್ರಲ್ಲಿ ರಾತ್ರಿ ಒದ್ದಾಡಿದೋನು ಗಂಜಿ ತಿಂತಿದ್ದಾನೆ ಅಂತ ಅರ್ಥ ಆಗುತ್ತೆ.”

ಮರುದಿನದಿಂದ ಆಕೆ “ಹಲೋ” ಎನ್ನುತ್ತಿದ್ದಂತೆ “ಗ್ರ್ಯಾಂಡ್!” ಎಂದು ಕೂಗತೊಡಗಿದೆ. ಚೆನ್ನಾಗಿದ್ದಾರೆ ಎನ್ನುವುದಕ್ಕೆ ಐರ್ಲೆಂಡಿನವರ ಮಾತು ಅದು. ಮಿಕ್ಕಿದ್ದೆಲ್ಲ ಆಮೇಲೆ. ನರ್ಸುಗಳು ನನ್ನನ್ನು ವಿಚಿತ್ರವಾಗಿ ನೋಡಿದರು, ನೋಡಿಕೊಳ್ಳಲಿ ಎಂದು ಬಿಟ್ಟೆ.

ಹಾಗೆ ಕೂಗಲಾಗದ ದಿನಗಳೂ ಬಂದವು. ಡ್ರೈವರ್ ಅವರ ಉಸಿರಾಟ ಇನ್ನಷ್ಟು ಹದಗೆಟ್ಟಿತು. ಆಗ “ಇದ್ದಾರೆ” ಎಂದು ಶುರುಮಾಡುತ್ತಿದ್ದೆ. “ಸರಿ, ಈಗ ಹೇಳು,” ಎನ್ನುತ್ತಿದ್ದರು ಆಕೆ, ಬೈಯದೆ. ಆ ದಿನಗಳಲ್ಲಿ ನಂಬರ್ ಒತ್ತುವುದಕ್ಕೇ ನನಗೆ ಭಯ. ಆ ಇಬ್ಬರನ್ನೂ ನಾನು ಹಚ್ಚಿಕೊಂಡುಬಿಟ್ಟಿದ್ದೆ.

ಕೊನೆಗೊಂದು ಮಧ್ಯಾಹ್ನ ಅವರ ಮುಖದ ಬಿಗಿ ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಕೆ ಹಾಕಿದೆವು. ಮಾತಾಡಬಹುದಿತ್ತು. ನಾನು ಸುದ್ದಿ ಹೇಳುವ ಗೋಜಿಗೇ ಹೋಗದೆ ಸ್ಪೀಕರ್ ಹಾಕಿ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ.

“ನಾಯಿ,” ಎಂದರು. ನಿಂತರು. ಪದಪದಕ್ಕೂ ಅವರಿಗೆ ಉಸಿರು ಬೇಕಿತ್ತು. “ಅದೇ, ಪೋಸ್ಟ್‌ಮನ್‌ನ ಕಚ್ಚಿತ್ತಲ್ಲ,” ಎಂದು ಮತ್ತೆ ನಿಂತರು.

ಇಷ್ಟು ದಿನದ ಮೇಲೆ ಹೆಂಡತಿ ಸಿಕ್ಕರೆ ಈ ಮನುಷ್ಯ ನಾಯಿಯ ವಿಚಾರ ತೆಗೆಯಬೇಕೆ ಎಂದು ನನಗೆ ಸಿಟ್ಟು. ಆ ಕಡೆಯಂತೂ ಸದ್ದೇ ಇಲ್ಲ. ಗಾಬರಿಯಾಗಿ ನಾನೇ ಬಾಯಿ ಹಾಕಿದೆ. “ನಾಯಿ ಹೇಗಿದೆ ಅಂತ ಕೇಳ್ತಿದ್ದಾರೆ ಅನ್ಸುತ್ತೆ.”

“ನೀನು ಸುಮ್ನಿರು ಡಾಕ್ಟರ್,” ಎಂದರು ಆಕೆ. “ಅವನು ನಿಂತಾಗೆಲ್ಲ ಉಸಿರಾಡೋದು ಕೇಳಿಸ್ತಾ ಇದೆ.”