ಟೊಳ್ಳು ಸದ್ದಿನ ನೆಲ

ನನ್ನ ಭಾವ ಟೈಲ್ಸ್ ಮೇಸ್ತ್ರಿ. ಅವರು ಹಾಸಿದ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದೆಂದು ಜನ ಅವರನ್ನು ಕನ್ನಡಿ ಮೇಸ್ತ್ರಿ ಎನ್ನುತ್ತಿದ್ದರು. ಕೆಲಸ ಮುಗಿದ ಮರುದಿನ ಒಂದೊಂದು ಟೈಲ್ಸನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುವುದು ಅವರ ಪದ್ಧತಿ. ಎಲ್ಲಾದರೂ ಟೊಳ್ಳು ಸದ್ದು ಬಂತೋ, ಮನೆಯವರು ಬೇಡವೆಂದರೂ ಕಿತ್ತು ಮತ್ತೆ ಹಾಕುವುದೇ. 'ಟೊಳ್ಳು' ಅವರ ಬಾಯಲ್ಲಿ ಬೈಗುಳ. ನನಗೂ ಎರಡು ಮೂರು ಸಲ ಬಿದ್ದಿದೆ.

ಅಂಥ ನೆಲದ ಮೇಲೆ ನನ್ನ ಅಕ್ಕ ಜಾರಿ ಬಿದ್ದಳು. ಅದೂ ಸ್ವಂತ ಮನೆಯ ನಡುಮನೆಯಲ್ಲಿ. ಭಾವ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕರಣೆ, ಮಟ್ಟಗೋಲು ಒರೆಸುತ್ತ ಕೂತಿದ್ದರು. ಅಕ್ಕನಿಗೆ ಕೂಗಲು ಉಸಿರಿರಲಿಲ್ಲ. ಗಟ್ಟಿ ನೆಲ, ಬಿದ್ದ ಸದ್ದನ್ನೂ ನುಂಗಿಕೊಂಡಿತು. ಅರ್ಧ ಗಂಟೆ ಅವಳು ಅಲ್ಲೇ ಬಿದ್ದಿದ್ದಳು.

ಸೊಂಟದ ಮೂಳೆಗೆ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಅವಳು ನೇರ ನಮ್ಮ ಮನೆಗೆ ಬಂದಳು.

"ಆ ನೆಲಕ್ಕೆ ಇನ್ನು ಕಾಲಿಡಲ್ಲ ಕಣೋ. ನಿಮ್ಮ ಭಾವನಿಗೆ ಹೇಳಿಬಿಡು," ಎಂದಳು. ಅವಳು ಹಟ ಹಿಡಿದರೆ ಮುಗಿಯಿತು.

ಹೇಳಿದೆ. ಭಾವ "ಹೂಂ" ಎಂದರು. ಅಕ್ಕ ನಮ್ಮಲ್ಲಿದ್ದ ಎರಡು ತಿಂಗಳು ಅವರಿಂದ ಹೊರಟದ್ದೇ ಅದೊಂದು ಹೂಂ. ನಾನು ಊಟ ಒಯ್ದು ಹಾಕಿದರೆ ಹೂಂ, ತಟ್ಟೆ ತೆಗೆದರೆ ಹೂಂ. ಅಳಲಿಲ್ಲ, ಸಿಡುಕಲೂ ಇಲ್ಲ. ಅವರನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಕೊನೆಗೆ ನಾನೇ ಕೈ ಹಿಡಿದು ನೆಲಹಾಸಿನ ಅಂಗಡಿಗೆ ಎಳೆದುಕೊಂಡು ಹೋದೆ.

ಅಂಗಡಿಯಾಕೆ ಮೂರು ತುಂಡು ಮುಂದಿಟ್ಟಳು. "ಇದು ವಿನೈಲ್, ಮೆತ್ತಗಿರುತ್ತೆ, ನೀರು ಬಿದ್ರೂ ಚಿಂತೆಯಿಲ್ಲ. ಇದು ಅಸಲಿ ಮರ, ನಿಗಾ ಜಾಸ್ತಿ ಬೇಕು. ಇದು ಲ್ಯಾಮಿನೇಟ್, ನೋಡೋಕೆ ಮರದ ಥರಾನೇ, ಕಾಲು ಜಾರಲ್ಲ, ಹಳೇ ಟೈಲ್ಸ್ ಮೇಲೇ ಹಾಸಬಹುದು."

"ಬಿದ್ರೆ?" ಎಂದರು ಭಾವ.

"ಏನೂ ಆಗಲ್ಲ ಸರ್. ಒಂದು ಗೀರೂ ಬರಲ್ಲ."

"ನೆಲಕ್ಕಲ್ಲಮ್ಮ."

ಆಕೆ ಪೆಚ್ಚಾದಳು. "ವಿನೈಲೇ ತಗೊಳ್ಳಿ ಭಾವ, ಅಕ್ಕನಿಗೆ ಮೆತ್ತಗಿರುತ್ತೆ," ಎಂದೆ ನಾನು. ಭಾವ ಬಗ್ಗಿ ಮೂರನ್ನೂ ಕುಟ್ಟಿದರು. ವಿನೈಲ್ ತುಟಿ ಬಿಚ್ಚಲಿಲ್ಲ. ಲ್ಯಾಮಿನೇಟ್ ಟೊಕ್ಕೆಂದಿತು, ಅಪ್ಪಟ ಟೊಳ್ಳು.

"ಇದೇ ಇರಲಿ."

"ಹಲಗೆ ಕೆಳಗೆ ದಪ್ಪ ಫೋಮ್ ಹಾಕಿದ್ರೆ ಸದ್ದು ಬರಲ್ಲ ಸರ್."

"ತೆಳ್ಳಗಿರೋದು ಕೊಡಿ."

"ನಡೆದಾಗೆಲ್ಲ ಟೊಕ್ ಟೊಕ್ ಅನ್ನುತ್ತೆ."

"ಅನ್ನಲಿ."

ನಾನು ಹಣೆ ಚಚ್ಚಿಕೊಂಡೆ. ಮಾತಿನ ಜೊತೆಗೆ ಮನುಷ್ಯನಿಗೆ ಕಸುಬೂ ಮರೆತುಹೋಯಿತು ಎಂದುಕೊಂಡೆ.

ಮೂರು ದಿನ ಒಬ್ಬರೇ ಕೂತು ಹಾಸಿದರು. ತಮ್ಮ ಕೈಯಾರೆ ಮಾಡಿದ ಕನ್ನಡಿ ಹಲಗೆಯಡಿ ಮುಚ್ಚಿಹೋಗುವಾಗಲೂ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

ಅಕ್ಕನನ್ನು ಕರೆತಂದೆ. ಹೊಸಿಲಲ್ಲಿ ನಿಂತು ತುಂಬ ಹೊತ್ತು ನೋಡಿದಳು. ಆಮೇಲೆ ವಾಕರ್ ಎತ್ತಿ ಒಳಗೆ ಊರಿದಳು. ಟೊಕ್. ಮುಖ ಸಿಂಡರಿಸಿದಳು.

"ಏನ್ರೀ ಇದು? ಊರಿಗೆಲ್ಲ ಗಟ್ಟಿ ನೆಲ, ನಮ್ಮನೆಗೆ ಮಾತ್ರ ಟೊಳ್ಳಾ?"

ಭಾವ ನೇರ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆಂಡತಿ ಮನೆಗೆ ಬಂದ ದಿನವೂ ಹೀಗೇ ಎಂದು ನನಗೆ ರೇಗಿಹೋಯಿತು.

"ನಡಿ," ಎಂದಿತು ಒಳಗಿನಿಂದ ದನಿ.

ಅಕ್ಕ ನನ್ನ ಮುಖ ನೋಡಿದಳು. ನಡೆದಳು. ಟೊಕ್, ಟೊಕ್, ಟೊಕ್. ನಡುಮನೆಯ ಮಧ್ಯೆ, ಅಂದು ಬಿದ್ದಿದ್ದ ಜಾಗದಲ್ಲಿ, ದಣಿವಾರಿಸಿಕೊಳ್ಳಲು ನಿಂತಳು.

"ಯಾಕೆ ನಿಂತೆ?"

ಮುಚ್ಚಿದ ಬಾಗಿಲ ಆಚೆಯಿಂದ ಭಾವ ಕೇಳಿದರು. ದನಿ ಒಡೆದುಹೋಗಿತ್ತು.

"ಏನೂ ಆಗಿಲ್ಲ ರೀ, ಇಲ್ಲೇ ಇದ್ದೀನಿ," ಎಂದ ಅಕ್ಕ ವಾಕರ್ ಎತ್ತಿ, ಬೇಕೆಂದೇ ಜೋರಾಗಿ ಊರಿದಳು.