ಲೋಕ ಉಳಿಸುವವರ ಮೇಲೆ ಪೈಲ್ವಾನಣ್ಣನ ತಕರಾರು

ಮೈಯೆಲ್ಲ ಕರಗಿ ಹೋದ ಮೇಲೂ ಪೈಲ್ವಾನಣ್ಣನ ಕಿವಿಗಳು ಮಾತ್ರ ಪೈಲ್ವಾನನವೇ ಆಗಿ ಉಳಿದಿದ್ದವು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದುಡಿಕೊಂಡು, ಗೋಡಂಬಿಯ ಹಾಗೆ ಗಟ್ಟಿಯಾದ ಎರಡು ಕಿವಿ. ಒಂದು ಕಾಲಕ್ಕೆ ನನ್ನ ಸೊಂಟದಷ್ಟು ದಪ್ಪವಿದ್ದ ತೊಡೆಗಳು ಹಾಸಿಗೆಯ ಮೇಲೆ ಬಡಿಗೆಗಳಂತೆ ಬಿದ್ದಿರುತ್ತಿದ್ದವು. ಕುತ್ತಿಗೆಯಿಂದ ಕೆಳಗೆ ಮೈ ಅವನ ಮಾತು ಕೇಳುತ್ತಿರಲಿಲ್ಲ. ಕುತ್ತಿಗೆಯಿಂದ ಮೇಲೆ ಅವನು ಯಾರ ಮಾತೂ ಕೇಳುತ್ತಿರಲಿಲ್ಲ. ಹೀಗೆ ಆರು ವರ್ಷ ಮಲಗಿದ್ದ.

ಹಳಿಯಾಳದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಭಾನುವಾರ ಮಧ್ಯಾಹ್ನ ಬಂದ್ ಮಾಡಿ ಅವನ ಮನೆಗೆ ಹೋಗುತ್ತಿದ್ದೆ. ನೀರಿನ ಪೈಪು ಕತ್ತರಿಸಿ ಮಂಚಕ್ಕೊಂದು ಸ್ಟ್ಯಾಂಡು ಮಾಡಿ, ಅವನ ಮುಖಕ್ಕೆ ಸರಿಯಾಗಿ ಹಳೆಯ ಟ್ಯಾಬ್ ಒಂದನ್ನು ತೂಗುಹಾಕಿದ್ದೆ. ಅವನಿಗೆ ಬೇಕಾದದ್ದು ಸೂಪರ್‌ಹೀರೋ ಸಿನಿಮಾ. ದೇವರ ಸಿನಿಮಾ ಹಾಕಲೇ ಎಂದರೆ ಮುಖ ಗಂಟು ಹಾಕುತ್ತಿದ್ದ. ಹುಚ್ಚು ಹಿಡಿದವನಂತೆ ನೋಡುತ್ತಿದ್ದ, ನೋಡುತ್ತಲೇ ಬೈಯುತ್ತಿದ್ದ.

"ನೋಡಲೇ ತಮ್ಮಾ, ಹತ್ತು ಮಾಳಗಿ ಮ್ಯಾಲಿಂದ ಬಿದ್ದಾನ. ಎದ್ದ, ಕುತ್ತಿಗಿ ಲಟಕ್ ಅನಿಸಿದ, ಹೊಂಟ! ಅದೇನು ಕುತ್ತಿಗೀನೋ, ಬಾಗಲ ಚಿಲಕಾನೋ?"

ಒಮ್ಮೆ ಸಿನಿಮಾದ ನಡುವೆ ಅವನ ಮೂಗಿನ ಮೇಲೆ ನೊಣ ಕೂತಿತು. ನಾನು ಓಡಿಸುವಷ್ಟರಲ್ಲಿ ಅವನು ಶುರು ಮಾಡಿಯೇಬಿಟ್ಟಿದ್ದ. "ಲೋಕಾ ಉಳಸ್ತಾರಂತ, ಲೋಕಾ! ಬರ್ಲಿ, ಈ ನೊಣಾ ಒಂದು ಹಾರಸಿ ಹೋಗ್ಲಿ. ಆಮ್ಯಾಲ ನಂಬತೇನಿ." ಹೀರೋನ ಮಿರಿಮಿರಿ ಬಟ್ಟೆ ಕಂಡರೆ ಅವನ ಕಣ್ಣು ಹಿತ್ತಲಿನ ಕಡೆ ಹೊರಳುತ್ತಿತ್ತು. ಅಲ್ಲಿ ವೈನಿ, ಅವನ ಹೆಂಡತಿ, ಅಂಗನವಾಡಿ ಕೆಲಸ ಮುಗಿಸಿ ಬಂದು ದಿನಕ್ಕೆ ಎರಡು ಸಲ ಅವನ ಚಾದರ ಒಗೆಯುತ್ತಿದ್ದರು. "ಆ ಬಟ್ಟಿ ಒಗ್ಯಾಕಿ ಯಾರು? ಅಕೀನ್ನ ಒಮ್ಮೆನೂ ತೋರಸೂದಿಲ್ಲ ಸುಡುಗಾಡು ಮಂದಿ" ಎನ್ನುತ್ತಿದ್ದ. ಅದು ವೈನಿಗೆ ಕೇಳಿಸುತ್ತಿತ್ತೋ ಇಲ್ಲವೋ ನನಗೆ ತಿಳಿಯದು.

ಕ್ರಿಕೆಟ್ಟಿನಲ್ಲಿ ಅವನು ರನ್ ನೋಡುತ್ತಿರಲಿಲ್ಲ. ಆಟಗಾರನಿಗೆ ಪೆಟ್ಟಾದಾಗ ಚೀಲ ಹಿಡಿದು ಓಡಿಬರುವವನನ್ನು ನೋಡುತ್ತಿದ್ದ. "ಶಾಣ್ಯಾ ಅದಾನ. ಮೊದಲ ಕೇಳಿದ, ಆಮ್ಯಾಲ ಮುಟ್ಟಿದ" ಎಂದು ಮೆಚ್ಚುತ್ತಿದ್ದ. ಫುಟ್‌ಬಾಲಿನಲ್ಲಿ ಹುಲ್ಲಿನ ಮೇಲೆ ಹೊರಳಾಡಿ ಎದ್ದು ಓಡುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿ. ಅವರನ್ನು ಬೈಯುವ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಓಣಿಯ ಜನ ನನ್ನನ್ನು ಹೊಗಳುತ್ತಿದ್ದರು. ಎಂಥ ಹುಡುಗ, ಎಷ್ಟು ಸೇವೆ ಮಾಡುತ್ತಾನೆ! ನಾನು ಪುಣ್ಯಕ್ಕಾಗಿ ಹೋಗುತ್ತಿರಲಿಲ್ಲ. ಯಾಕೆ ಹೋಗುತ್ತಿದ್ದೆ ಎಂದು ಹೇಳಲೇಬೇಕು.

ನಾನೂ ಅವನೂ ಒಂದೇ ತಾಲೀಮಿನವರು, ಒಂದೇ ಗರಡಿಯಲ್ಲಿ ಪಳಗಿದವರು. ಅವನು ದಾಂಡೇಲಿಯಲ್ಲಿ ಕಟ್ಟಿಗೆ ಲೋಡು ಮಾಡುವ ಕೆಲಸ ಮುಗಿಸಿ ಬಂದು ಕುಸ್ತಿ ಆಡುತ್ತಿದ್ದ, ನಾನು ಎಣ್ಣೆ ತಿಕ್ಕುವ, ಮಣ್ಣು ಹದ ಮಾಡುವ ಸಣ್ಣ ಪೈಲ್ವಾನ. ಆವತ್ತು ಮುಂಡಗೋಡ ಕಡೆಯ ಒಂದು ಊರಿನಲ್ಲಿ ಪಂದ್ಯ. ಇದೇ ಕೊನೆಯ ಕುಸ್ತಿ ಎಂದು ಅವನು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದ. ಎದುರಾಳಿ ಅವನನ್ನು ಸೊಂಟ ಹಿಡಿದು ಎತ್ತಿ ಒಗೆದ. ತಲೆ ಮೊದಲು ನೆಲಕ್ಕೆ ಬಡಿಯಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ, ಕುಸ್ತಿ ಎಂದ ಮೇಲೆ ಬೀಳುವುದು ಇದ್ದದ್ದೇ.

ತಪ್ಪು ಆದದ್ದು ಆಮೇಲೆ. ನಮ್ಮ ತಾಲೀಮಿಗೆ ಒಂದು ರೂಢಿಯಿತ್ತು. ನಮ್ಮವನು ಸೋತು ಬಿದ್ದರೂ ಗೆದ್ದವನಿಗಾಗಿ ಬಡಿಯುವ ಹಲಗೆ ವಾದ್ಯ ನಿಲ್ಲುವುದರೊಳಗೆ ಎದ್ದು ನಿಂತಿರಬೇಕು. ಅವನು ಮಲಗಿದ್ದನ್ನು ಊರು ನೋಡಬಾರದು. ಅದೇ ನಮ್ಮ ಮಾನ, ಅದೇ ನಮ್ಮ ಮರ್ಯಾದೆ. ಹಲಗೆ ಇನ್ನೂ ಬಡಿಯುತ್ತಿತ್ತು, ಅವನು ಏಳಲಿಲ್ಲ. "ಎತ್ರೋ! ಮಂದಿ ನೋಡಾಕತ್ತಾರ, ಎತ್ರೋ ಅವನ್ನ!" ಎಂದು ನಮ್ಮ ಗುರು, ವಸ್ತಾದ, ಕೂಗಿದ. ನಾನೂ ಇನ್ನೊಬ್ಬನೂ ಓಡಿದೆವು. ತಲಾ ಒಂದು ಕಂಕುಳಿಗೆ ಕೈಹಾಕಿ ಎಬ್ಬಿಸಿ ನಿಲ್ಲಿಸಿದೆವು. ತಲೆ ಎದೆಯ ಮೇಲೆ ಜೋತುಬಿತ್ತು. ನಾನು ಅವನ ಗದ್ದ ಹಿಡಿದು ಮೇಲಕ್ಕೆತ್ತಿದೆ, ಜನರ ಕಡೆ ನೋಡುತ್ತಿರುವಂತೆ ಕಾಣಲಿ ಎಂದು. ಜನ ಚಪ್ಪಾಳೆ ತಟ್ಟಿದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಬಿದ್ದವನನ್ನು ಯಾರಾದರೂ ಎಬ್ಬಿಸಿದಿರಾ ಎಂದು. ಮಲಗಿದಂತೆಯೇ, ಕುತ್ತಿಗೆ ಅಲುಗದಂತೆ ತಂದಿದ್ದರೆ ಕೈಗಳಾದರೂ ಉಳಿಯುತ್ತಿದ್ದವೇನೋ ಎಂದರು. ವೈನಿ ಅಲ್ಲೇ ಗೋಡೆಗೆ ತಲೆ ಬಡಿದುಕೊಂಡರು. "ಯಾವ ಮೂಳ ಎಬ್ಬಿಸಿದ್ದು ನನ್ನ ಗಂಡನ್ನ? ಅವನ ಕೈಗೆ ಹುಳಾ ಬೀಳ್ಲಿ!" ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. "ಯಾರೋ ಮಂದಿ ಎಬ್ಬಿಸಿದ್ರು ವೈನಿ, ಆ ಗದ್ಲದಾಗ ತಿಳೀಲಿಲ್ಲರಿ" ಎಂದೆ. ಜೊತೆಗೆ ಎತ್ತಿದವನು ಗೋವಾಕ್ಕೆ ಕೆಲಸಕ್ಕೆ ಹೋಗಿ ತಿರುಗಿ ಬರಲಿಲ್ಲ. ವಸ್ತಾದ ಬಾಯಿ ಬಿಡಲಿಲ್ಲ. ನಾನು ಟ್ಯಾಬ್ ತೆಗೆದುಕೊಂಡು ಅವನ ಮನೆಗೆ ಹೋಗತೊಡಗಿದೆ.

ಐದು ವರ್ಷ ದಾಟಿದ ಮೇಲೆ ಒಂದು ಭಾನುವಾರ. ಸಿನಿಮಾದಲ್ಲಿ ಹೀರೋನ ಗೆಳೆಯ ಎತ್ತರದಿಂದ ಬಿದ್ದ. ಹೀರೋ ಓಡಿಬಂದು ಅವನನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡು ಹಾರಿದ.

"ಏ, ಎತ್ತಬ್ಯಾಡೋ! ತಲಿ ಹಿಡಿಯೋ ಮೊದಲ, ಹುಚ್ಚ ನನ್ನ ಮಗನ!" ಎಂದು ಪೈಲ್ವಾನಣ್ಣ ಕೂಗಿದ. ಆಮೇಲೆ ನಕ್ಕ. "ತಮ್ಮಾ, ಇಂವಾ ಗೆಳ್ಯಾನ್ನ ಉಳಸಾಕತ್ತಾನಂತ ತಿಳದಾನ. ಕೊಲ್ಲಾಕತ್ತಾನ."

ನನ್ನ ಕೈ ತಾನೇ ಹೋಗಿ ಸಿನಿಮಾ ನಿಲ್ಲಿಸಿತು. "ಅಣ್ಣಾ, ನಿನ್ನ ಎಬ್ಬಿಸಿದಾಂವ ನಾನ" ಎಂದೆ.

ಅವನು ಕಣ್ಣು ನನ್ನ ಕಡೆ ಹೊರಳಿಸಿದ. "ಬಿದ್ದ ಮ್ಯಾಲಿಂದು ನನಗ ಒಂದ ನೆನಪೈತಿ" ಎಂದ. "ಯಾರೋ ಗದ್ದಾ ಹಿಡದ್ರು. ಕೈ ಭಾಳ ಬಿಸಿ ಇತ್ತು."

"ಅದೂ ನಾನ ಅಣ್ಣಾ."

ಅವನ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲು ಅವನ ಕೈ ಏಳುತ್ತಿರಲಿಲ್ಲ. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ" ಎಂದ. "ಹೋಗು."

ಮೂರು ಭಾನುವಾರ ಹೋಗಲಿಲ್ಲ. ಅಂಗಡಿಯಲ್ಲಿ ಕೂತು ಯಾರದೋ ಫೋನು ಬಿಚ್ಚಿ ಮತ್ತೆ ಸೇರಿಸಲಾಗದೆ ಒದ್ದಾಡುತ್ತಿದ್ದೆ. ನಾಲ್ಕನೆಯ ವಾರ ಅವನ ಮಗಳು ಕಾಲೇಜಿನಿಂದ ಬರುವಾಗ ಅಂಗಡಿಯ ಮುಂದೆ ನಿಂತಳು. "ಅಪ್ಪಾ ಬಾ ಅಂದಾನ ಕಾಕಾ. ದಿನಾ ಪೂರ್ತಿ ಬರೇ ಮಾಡಿನ ಜಂತಿ ನೋಡ್ಕೋತ ಮಲಗಿರ್ತಾನ, ಉಣ್ಣವಲ್ಲ" ಎಂದಳು.

ಹೋದೆ. ವೈನಿ ಮನೆಯಲ್ಲಿರಲಿಲ್ಲ. ಅವನು ನೇರವಾಗಿ ಕೇಳಿದ: "ಇಷ್ಟು ವರ್ಷ ಬಂದಿ. ನಿನ್ನ ಪಾಪಕ್ಕ ಬಂದಿಯೋ, ನನ್ನ ಸಲುವಾಗಿ ಬಂದಿಯೋ?"

"ಮೊದಲ ಪಾಪಕ್ಕ ಅಣ್ಣಾ. ಆಮ್ಯಾಲ ಯಾವಾಗ ಬದಲಾತೋ ನನಗ ತಿಳೀಲಿಲ್ಲ."

"ಮಾಫ್ ಮಾಡೇನಿ ಅಂತ ತಿಳ್ಕೋಬ್ಯಾಡ. ಸಿಟ್ಟು ಐತಿ, ಇರತೈತಿ. ಖರೇ, ನೀ ಬರಲಿಲ್ಲಂದ್ರ ನನಗ ಜಂತಿ ಎಣಸೂದ ಗತಿ." ಉಸಿರು ತೆಗೆದುಕೊಂಡ. "ನಿಮ್ಮ ವೈನಿಗೆ ಹೇಳಬ್ಯಾಡ. ಅಕಿ ನಿನ್ನ ಹೊಸ್ತಲಾ ದಾಟಗೊಡೂದಿಲ್ಲ. ನಾ ಇರೂತನಕ ಹೇಳಬ್ಯಾಡ. ಮತ್ತ ತಾಲೀಮಿಗೆ ಹೋಗಿ ಹುಡುಗೂರಿಗೆ ಹೇಳು, ಬಿದ್ದಾಂವನ್ನ ಎತ್ತಬಾರದಂತ."

ತಾಲೀಮಿನಲ್ಲಿ ವಸ್ತಾದ ನನ್ನ ಮೇಲೆ ಹರಿಹಾಯ್ದ. ರೂಢಿ ಮುರಿಯಲು ನೀ ಯಾವನೋ ಎಂದ. ಅಲ್ಲೇ ಹುಡುಗರ ಮುಂದೆ ನಾನು ಎಲ್ಲವನ್ನೂ ಹೇಳಿದೆ, ಗದ್ದ ಹಿಡಿದದ್ದನ್ನೂ ಡಾಕ್ಟರು ಅಂದದ್ದನ್ನೂ ಸೇರಿಸಿ. ವಸ್ತಾದ ಕಟ್ಟೆಯ ಮೇಲೆ ಕುಸಿದು ಕೂತ. ಈಗ ನಮ್ಮವರು ಯಾರೇ ಬೀಳಲಿ, ಹಲಗೆ ನಿಲ್ಲಿಸುತ್ತಾರೆ, ಬಿದ್ದವನನ್ನು ಮುಟ್ಟದೆ ಮಾತಾಡಿಸುತ್ತಾರೆ. ವೈನಿಯ ಕಿವಿಗೆ ಹಾಕಬೇಡಿ ಎಂದು ಕೇಳಿಕೊಂಡಿದ್ದೆ. ಹುಡುಗರು ಮಾತು ಉಳಿಸಿಕೊಂಡರು, ಯಾರೂ ಬಾಯಿ ಬಿಡಲಿಲ್ಲ.

ಈ ಮಳೆಗಾಲದಲ್ಲಿ ಪೈಲ್ವಾನಣ್ಣನ ಬೆನ್ನಿನ ಹುಣ್ಣು ಕೀವಾಗಿ ಜ್ವರ ಏರಿತು. ಆಸ್ಪತ್ರೆಯ ವಾರ್ಡಿನ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. "ಆ ಬೌಲರನ್ನ ಸ್ವಲ್ಪ ಕುಂಡ್ರಸ್ರಿ. ಭುಜಾ ಹೋಗಾಕತ್ತೈತಿ, ಯಾರೂ ನೋಡವಲ್ರು" ಎಂದ. ನನ್ನೊಡನೆ ಅವನಾಡಿದ ಕಡೆಯ ಮಾತು ಅದು. ಎರಡು ದಿನಕ್ಕೆ ತೀರಿಕೊಂಡ.

ದಿನಕರ್ಮದಂದು ವೈನಿ ಬೀಗರ ಮುಂದೆಲ್ಲ ನನ್ನ ಕೈ ಹಿಡಿದುಕೊಂಡು, "ಬೆನ್ನಿಗೆ ಬಿದ್ದ ತಮ್ಮನೂ ಇಷ್ಟು ಮಾಡ್ತಿದ್ದಿಲ್ಲ" ಎಂದು ಅತ್ತರು. ತಾವೇ ಬಡಿಸಿದರು. ನಾನು ಉಂಡೆ. ಆಮೇಲೂ ಹಲವು ಭಾನುವಾರ ಹೋಗಿದ್ದೇನೆ, ಪ್ರತಿ ಸಲವೂ ಚಹಾ ಕುಡಿದು, ಸುಮ್ಮನೆ ಎದ್ದು ಬಂದಿದ್ದೇನೆ.

ತಾನು ಇರುವ ತನಕ ಎಂದಿದ್ದ. ಈಗ ಅವನಿಲ್ಲ, ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಇದನ್ನು ಬರೆದೆ. ನಾಳೆ ಮಗಳ ಕೈಗೆ ಕೊಡುತ್ತೇನೆ, ತಾಯಿಗೆ ಓದಿ ಹೇಳು ಎನ್ನುತ್ತೇನೆ. ವೈನಿ, ಅವನನ್ನು ಎಬ್ಬಿಸಿ ನಿಲ್ಲಿಸಿದವನು ನಾನು.