ಭೂಮಿಕಾ ಆಂಟಿಯ ದನಿ

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸೋಫಾದ ಮೇಲೆ ಕಾಲು ಚಾಚಿದ್ದೆ. ಹೆಂಡತಿ ಟೀವಿಯಲ್ಲಿ ಯಾವುದೋ ಕೊರಿಯನ್ ಧಾರಾವಾಹಿ ಹಾಕಿದ್ದಳು. ಸಿಯೋಲಿನ ಹುಡುಗಿಯೊಬ್ಬಳು ಬಾಗಿಲು ತೆರೆದು, ಅಪ್ಪಟ ಬಸವನಗುಡಿ ಕನ್ನಡದಲ್ಲಿ, "ಅಯ್ಯೋ, ನೀವ್ಯಾವಾಗ ಬಂದ್ರಿ?" ಎಂದಳು. ತುಟಿ ಮುಚ್ಚಿಕೊಂಡ ಮೇಲೂ ಮಾತು ಸ್ವಲ್ಪ ಹೊತ್ತು ಮುಂದುವರಿಯಿತು. ನನಗೆ ನಗು ಬಂತು. ನಗುವಿನ ಬೆನ್ನಿಗೇ ನಮ್ಮ ಪಕ್ಕದ ಮನೆಯಲ್ಲಿದ್ದ ಜಪಾನಿ ನಟಿ ನೆನಪಾದರು. ಅವರಿದ್ದಿದ್ದರೆ ರಿಮೋಟ್ ಕಿತ್ತುಕೊಂಡು ಟೀವಿ ಆರಿಸಿಬಿಡುತ್ತಿದ್ದರು, ಅನುಮಾನವೇ ಇಲ್ಲ.

ನಾವು ಅಮೆರಿಕದಲ್ಲಿ, ಡ್ಯಾಲಸ್ ಪಕ್ಕದ ಮರ್ಫಿಯಲ್ಲಿ ಮನೆ ಕೊಂಡ ಹೊಸತು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಒಂಟಿಯಾಗಿದ್ದರು. ಹೆಸರು ಫುಮಿಕೊ. ನಾನು ಬೆಳಿಗ್ಗೆ ಲಾಸ್ ಕೊಲಿನಾಸಿನ ಆಫೀಸಿಗೆ ಹೊರಡುವಾಗ ಅವರು ಅಂಗಳದಲ್ಲಿ ನೆಟ್ಟಗೆ ನಿಂತು ಗಿಡಗಳಿಗೆ ನೀರು ಬಿಡುತ್ತಿರುತ್ತಿದ್ದರು. ಮೊದಲ ಸಲ ಅವರು "ಗುಡ್ ಮಾರ್ನಿಂಗ್" ಎಂದಾಗ ನಾನು ಹಿಂತಿರುಗಿ ಅವರ ಗ್ಯಾರೇಜಿನೊಳಗೆ ನೋಡಿದ್ದೆ, ಮಾತಾಡಿದ ಗಂಡಸು ಯಾರಪ್ಪ ಎಂದು. ಅಷ್ಟು ದಪ್ಪ ದನಿ. ಒಣಗಿದ ಹಲಸಿನ ಹಲಗೆಯನ್ನು ನೆಲದ ಮೇಲೆ ಎಳೆದ ಹಾಗೆ.

ಪ್ಲೇನೋದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹುಬ್ಬಳ್ಳಿಯ ಶಕುಂತಲಾ ಆಂಟಿ ಒಂದು ಸಂಜೆ ನಮ್ಮ ಮನೆಗೆ ಬಂದಿದ್ದರು. ಫುಮಿಕೊ ಅವರೂ ಕಾಫಿಗೆ ಬಂದಿದ್ದರು. ಪರಿಚಯ ಮಾಡಿಸಿದೆ. ಆಂಟಿಯ ಕಿವಿಗೆ ಆ ಹೆಸರು ಬೇರೆಯೇ ಆಗಿ ಬಿತ್ತು.

"ಭೂಮಿಕಾ! ಎಷ್ಟು ಛಲೋ ಹೆಸರಿಟ್ಟಾರ್ರಿ ನಿಮ್ಮ ಮನ್ಯಾಗ!" ಎಂದರು.

ತಿದ್ದಲು ಹೋಗಿ ನಾನೇ ಸಿಕ್ಕಿಕೊಂಡೆ. ಭೂಮಿಕಾ ಎಂದರೇನು ಎಂದು ಫುಮಿಕೊ ಕೇಳಿದರು. ಪಾತ್ರ, ನಾಟಕದಲ್ಲಿ ನಟರು ಮಾಡುವ ಪಾತ್ರ, ಎಂದೆ. ಅವರು ಲೋಟ ಕೆಳಗಿಟ್ಟು ಮನೆ ನಡುಗುವಂತೆ ನಕ್ಕರು. "ನಾನು ನಟಿ ಎಂದು ಈಕೆಗೆ ಹೇಳಿದವರು ಯಾರು?" ಎಂದರು. ಹಾಗೆ ನಮಗೆಲ್ಲ ಗೊತ್ತಾಯಿತು. ಅಂದಿನಿಂದ ಡ್ಯಾಲಸ್ಸಿನ ಕನ್ನಡ ಮಕ್ಕಳಿಗೆಲ್ಲ ಅವರು ಭೂಮಿಕಾ ಆಂಟಿ.

ಅವರು ಆಡುತ್ತಿದ್ದದ್ದು ಇಂಗ್ಲಿಷು, ನಾನು ಬರೆಯುತ್ತಿರುವುದು ಕನ್ನಡ. ಅಂದರೆ ಇಲ್ಲಿ ನಾನೂ ಅವರಿಗೆ ಡಬ್ಬಿಂಗ್ ಮಾಡುತ್ತಿದ್ದೇನೆ. ಬೇರೆ ದಾರಿಯಿಲ್ಲ, ನೀವು ಕ್ಷಮಿಸಬೇಕು. ಅವರು ಕ್ಷಮಿಸುತ್ತಿರಲಿಲ್ಲ.

ಆಗ ನಾನು ಕನ್ನಡ ಸಂಘದ ನಾಟಕಗಳ ನಿರ್ದೇಶಕ. ಮೈಸೂರಿನಲ್ಲಿ ಕಾಲೇಜು ಓದುವಾಗ ಒಂದು ತಂಡಕ್ಕೆ ಲೈಟು ಹೊತ್ತಿದ್ದೆ. ಅಷ್ಟು ಅನುಭವ ಟೆಕ್ಸಸ್ಸಿನಲ್ಲಿ ಧಾರಾಳವಾಯಿತು. ನಮ್ಮ ನಾಟಕದ ಪದ್ಧತಿ ನಿಮಗೆ ಗೊತ್ತಿರಬಹುದು. ಬಾಡಿಗೆ ಸಭಾಂಗಣದ ಮೈಕು ಕೈಕೊಡುತ್ತದೆ, ನಟರು ಆಫೀಸಿನ ತಲೆನೋವಿನಲ್ಲಿ ಮಾತು ಮರೆಯುತ್ತಾರೆ. ಅದಕ್ಕೇ ಎಲ್ಲರ ಸಂಭಾಷಣೆಯನ್ನೂ ಮೊದಲೇ ರೆಕಾರ್ಡ್ ಮಾಡಿಬಿಡುವುದು. ನಮ್ಮ ಮನೆಯ ಬಟ್ಟೆ ಕೋಣೆಯೇ ಸ್ಟುಡಿಯೋ. ಸೀರೆ, ಕೋಟುಗಳ ಮಧ್ಯೆ ಕೂತು ಮಾತಾಡಿದರೆ ಪ್ರತಿಧ್ವನಿ ಬರುವುದಿಲ್ಲ. ನಾಟಕದ ದಿನ ಆ ಟ್ರ್ಯಾಕ್ ಹಾಕುವುದು, ವೇದಿಕೆಯ ಮೇಲಿನವರು ಬಾಯಿ ಆಡಿಸುವುದು. ಜನ ಚಪ್ಪಾಳೆ ತಟ್ಟಿ ಬಿಸಿಬೇಳೆಬಾತಿನ ಸಾಲಿಗೆ ಓಡುತ್ತಿದ್ದರು. ಯಾರಿಗೂ ತಕರಾರಿರಲಿಲ್ಲ.

ಆ ವರ್ಷದ ರಾಜ್ಯೋತ್ಸವದ ನಾಟಕದಲ್ಲಿ ಅಜ್ಜಿಯ ಪಾತ್ರವೊಂದಿತ್ತು. ಮಗನ ಮೇಲೆ ಮುನಿಸಿಕೊಂಡು ನಾಟಕದುದ್ದಕ್ಕೂ ಮೌನವಾಗಿ ಕೂತಿರುವ ಅಜ್ಜಿ. ಕೊನೆಗೆ ಎದ್ದು, ಚೀಲ ಹಿಡಿದು, "ನಾನು ಹೋಗಿ ಬರ್ತೀನಿ" ಎಂದು ಮಗಳ ಮನೆಗೆ ಹೊರಡಬೇಕು. ಇಡೀ ಪಾತ್ರಕ್ಕೆ ಅದೊಂದೇ ಮಾತು. ಗೆಳೆಯನ ತಾಯಿ ಒಪ್ಪಿಕೊಂಡು ರೆಕಾರ್ಡಿಂಗನ್ನೂ ಮುಗಿಸಿದ್ದರು. ಅಷ್ಟರಲ್ಲಿ ಅವರ ಆರು ತಿಂಗಳ ವೀಸಾ ಮುಗಿದು ಬೆಂಗಳೂರಿಗೆ ಹಾರಿದರು. ದನಿ ಉಳಿಯಿತು, ಮುಖ ಹೋಯಿತು. ನನಗೆ ಫುಮಿಕೊ ನೆನಪಾದರು. ಸೀರೆ ಉಟ್ಟು ಕೂತರೆ ಸಾಕು, ಕೊನೆಯಲ್ಲಿ ತುಟಿ ಆಡಿಸಿದರೆ ಸಾಕು. ಕೇಳಿದೆ. ನಾಟಕ ಎಂಬ ಶಬ್ದ ಕೇಳಿದ ಕೂಡಲೇ ಅವರು ಒಪ್ಪಿದರು. ಉಳಿದ ವಿವರ ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಸಭಾಂಗಣದಲ್ಲಿ ರಿಹರ್ಸಲ್. ಅವರು ಕೂತ ರೀತಿಗೇ ನಾವೆಲ್ಲ ತಣ್ಣಗಾದೆವು. ಏನೂ ಮಾಡದೆ, ಬರೀ ಬೆನ್ನು ತಿರುಗಿಸಿ, ಮಗನನ್ನು ಬೈದರು. ಕೊನೆಗೆ ಎದ್ದರು, ಚೀಲ ಹಿಡಿದರು. ಸ್ಪೀಕರಿನಿಂದ ಗೆಳೆಯನ ತಾಯಿಯ ಸಣ್ಣ ದನಿ ಬಂತು: "ನಾನು ಹೋಗಿ ಬರ್ತೀನಿ."

ಫುಮಿಕೊ ನಿಂತುಬಿಟ್ಟರು. "ಇದು ಯಾರ ದನಿ?"

"ನಿಮ್ಮದೇ ಆಂಟಿ, ನಿಮ್ಮ ಪಾತ್ರದ್ದು. ನಮ್ಮ ಸಿನಿಮಾಗಳಲ್ಲೂ ಹೀಗೇ. ಹೀರೋಯಿನ್ ಮುಂಬೈಯವಳು, ದನಿ ಮಲ್ಲೇಶ್ವರದವಳದ್ದು. ಮಾಮೂಲಿ," ಎಂದು ಜಂಬದಿಂದಲೇ ಹೇಳಿದೆ.

ಅವರು ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತರು. ನಮ್ಮನ್ನೂ ಕೂರಿಸಿದರು. ತಮ್ಮ ಕತೆ ಹೇಳಿದ್ದು ಆಗ.

ಹುಟ್ಟಿದ್ದು ಒಸಾಕಾದಲ್ಲಿ. ಹುಡುಗಿಯಾಗಿದ್ದಾಗಲೇ ಊರೂರು ತಿರುಗುವ ನಾಟಕದ ಕಂಪನಿ ಸೇರಿದರು. ದನಿ ದಪ್ಪವಿದ್ದದ್ದರಿಂದ ಹದಿಹರೆಯದಲ್ಲೇ ಮುದುಕಿಯರ ಪಾತ್ರ. ಕೊನೆಯ ಸಾಲಿನಲ್ಲಿ ಕೂತು ನೆಲಗಡಲೆ ತಿನ್ನುವವನೂ ಅವರ ಪಿಸುಮಾತು ಕೇಳಿ ಬಾಯಾಡಿಸುವುದನ್ನು ನಿಲ್ಲಿಸುತ್ತಿದ್ದನಂತೆ. ಮುಖ ಚೆಂದವಿತ್ತು. ಟೋಕಿಯೋದ ಸಿನಿಮಾದವರು ಬಂದು ಕರೆದೊಯ್ದರು. ಮೊದಲ ಚಿತ್ರ ಮುಗಿದ ಮೇಲೆ ಯಜಮಾನರು ಹೇಳಿದರು: ಮುಖ ಹೂವಿನದು, ದನಿ ಗಾಡಿ ಹೊಡೆಯುವವನದು. ರೇಡಿಯೋದಲ್ಲಿ ಹಾಡುತ್ತಿದ್ದ ಹುಡುಗಿಯನ್ನು ಕರೆಸಿ ದನಿ ಕೊಡಿಸಿದರು. ಚಿತ್ರ ಗೆದ್ದಿತು. ಅಲ್ಲಿಂದ ಮುಂದೆ ಎಲ್ಲ ಚಿತ್ರಗಳಲ್ಲೂ ಅದೇ ದನಿ.

"ರೈಲಿನಲ್ಲಿ ಜನ ನನ್ನ ಗುರುತು ಹಿಡಿದು ಓಡಿ ಬರುತ್ತಿದ್ದರು," ಎಂದರು ಫುಮಿಕೊ. "ನಾನು ಬಾಯಿ ತೆರೆದರೆ, ಕ್ಷಮಿಸಿ, ಬೇರೆ ಯಾರೋ ಅಂದುಕೊಂಡೆವು ಎಂದು ವಾಪಸು ಹೋಗುತ್ತಿದ್ದರು."

ನಮ್ಮಲ್ಲಿ ಕೆಲವರು ನಕ್ಕರು. ಅವರೂ ನಕ್ಕರು. ಮುಂದಿನದಕ್ಕೆ ಯಾರೂ ನಗಲಿಲ್ಲ. ಬೇಸತ್ತು ಅವರು ರಂಗಕ್ಕೆ ಮರಳಿದರು. ಸಿನಿಮಾ ನೋಡಿದ್ದ ಪ್ರೇಕ್ಷಕರು, ಇದು ಆಕೆಯ ದನಿಯಲ್ಲ, ಮೋಸ, ಎಂದು ಗೊಣಗಿದರು. ಕಂಪನಿಯ ಯಜಮಾನ, ಸಣ್ಣ ದನಿಯಲ್ಲಿ ಮಾತಾಡು ಎಂದ. ಹಾಗಾಗಿ ಒಂದೆರಡು ವರ್ಷ ಆ ರೇಡಿಯೋ ಹುಡುಗಿಯನ್ನು ಅನುಕರಿಸಿ ನಟಿಸಿದರಂತೆ, ತಮ್ಮದೇ ವೇದಿಕೆಯ ಮೇಲೆ. ಆಮೇಲೆ ಎಣ್ಣೆ ಕಂಪನಿಯ ಅಮೆರಿಕನ್ ಎಂಜಿನಿಯರ್ ಒಬ್ಬನನ್ನು ಮದುವೆಯಾಗಿ ಹ್ಯೂಸ್ಟನ್ನಿಗೆ ಬಂದರು. ಮಗ ಹುಟ್ಟಿದ. ಗಂಡ ತೀರಿಕೊಂಡ ಮೇಲೆ ಡ್ಯಾಲಸ್. ಮತ್ತೆ ಬಣ್ಣ ಹಚ್ಚಿರಲಿಲ್ಲ.

"ಒಂದೇ ಮಾತಿದ್ದರೂ ಅದು ನನ್ನದು," ಎಂದರು. "ದನಿ ಬೇಡವೆಂದರೆ ಮುಖವೂ ಇಲ್ಲ."

ಟ್ರ್ಯಾಕ್ ನೋಡಿಕೊಳ್ಳುವ ಗೆಳೆಯ ನನ್ನ ಕಿವಿಯಲ್ಲಿ, "ಗುರೂ, ಉಚ್ಚಾರಣೆ ರಿಸ್ಕ್ ಆಗುತ್ತೆ ಕಣೋ, ಜನ ನಕ್ಬಿಡ್ತಾರೆ," ಎಂದ. ನನಗೂ ಅದೇ ಭಯ. ಆದರೆ ಆ ಮುಖ ನೋಡಿಕೊಂಡು ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಹೆದರುತ್ತಲೇ ಒಪ್ಪಿಕೊಂಡೆ.

ಮಾತು ಕಲಿಸಲು ಕೂತಾಗ ಅರ್ಥ ಬಿಡಿಸಿ ಹೇಳಿದೆ. ನಮ್ಮಲ್ಲಿ ಬರೀ ಹೋಗುತ್ತೇನೆ ಎಂದು ಮನೆ ಬಿಡಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಅವರು ನನ್ನ ತೋಳು ಹಿಡಿದುಕೊಂಡರು. "ಇತ್ತೆ ಕಿಮಾಸು! ನಮ್ಮ ಜಪಾನಿನಲ್ಲೂ ಹೀಗೇ. ಇತ್ತೆ ಎಂದರೆ ಹೋಗಿ, ಕಿಮಾಸು ಎಂದರೆ ಬರುತ್ತೇನೆ. ಇದನ್ನು ನನಗೆ ಕಲಿಸುತ್ತೀಯಾ?" ಎಂದರು. ಅರ್ಥ ಸರಿ, ನಾಲಿಗೆ ಕೇಳಬೇಕಲ್ಲ. ಬೇರೆ ಬೇರೆ ವ್ಯಂಜನಗಳ ಒತ್ತಕ್ಷರ ಬಂದರೆ ಜಪಾನಿ ನಾಲಿಗೆ ಸಾಮಾನ್ಯವಾಗಿ ಒಂದು ಉಕಾರ ಸೇರಿಸುತ್ತದೆ. ಎಷ್ಟು ತಿದ್ದಿದರೂ "ಹೋಗಿ ಬರುತೀನಿ" ಎಂದೇ ಬರುತ್ತಿತ್ತು. ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ ಇಳಕಲ್ ಸೀರೆ ತಂದಿದ್ದ ಶಕುಂತಲಾ ಆಂಟಿ ನನ್ನನ್ನೇ ಗದರಿಸಿದರು.

"ಆಕಿ ಅನ್ನೋದೇ ಖರೇ ಕನ್ನಡ ಐತಿ. ನೀವು ಮೈಸೂರವ್ರು ಅರ್ಧಾ ಶಬ್ದ ನುಂಗಿ ಬರ್ತೀನಿ ಅಂತೀರಿ. ಬಿಡ್ರಿ ಆಕೀನ್ನ!"

ನಾಟಕದ ದಿನ ಬಂತು. ಎಲ್ಲರೂ ಬಾಯಿ ಆಡಿಸಿದರು, ಟ್ರ್ಯಾಕ್ ಮಾತಾಡಿತು. ಕೊನೆಯ ದೃಶ್ಯದಲ್ಲಿ ನಾನು ವೇದಿಕೆಯ ಪಕ್ಕದಲ್ಲಿ ನಿಂತು ಟ್ರ್ಯಾಕ್ ನಿಲ್ಲಿಸಿದೆ. ಸ್ಪೀಕರಿನ ಗುಂಯ್ ಸದ್ದೂ ನಿಂತಿತು. ಫುಮಿಕೊ ಅವಸರ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡರು, ಮಗನನ್ನು ನೋಡಿದರು, ಬಾಗಿಲನ್ನು ನೋಡಿದರು.

"ನಾನು ಹೋಗಿ ಬರುತೀನಿ."

ಮೈಕಿಲ್ಲದೆ ಆ ದಪ್ಪ ದನಿ ಕೊನೆಯ ಸಾಲಿನವರೆಗೆ ನಡೆದುಹೋಯಿತು. ಯಾರೂ ನಗಲಿಲ್ಲ. ಮುಂದಿನ ಸಾಲುಗಳಲ್ಲಿ ಯಾರದೋ ಮನೆಗೆ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು, ನಾಟಕ ಎಂಬುದನ್ನೇ ಮರೆತು, "ಹೋಗಿ ಬಾರಮ್ಮಾ, ಹುಷಾರು!" ಎಂದುಬಿಟ್ಟರು. ಫುಮಿಕೊ ಹೊಸ್ತಿಲಲ್ಲಿ ಒಂದು ಕ್ಷಣ ನಿಂತರು. ತಿರುಗಿ ಆ ಅಜ್ಜಿಯ ಕಡೆ ತಲೆ ಬಾಗಿಸಿ ಒಳಗೆ ಬಂದರು. ಬಂದವರು ನನ್ನ ಭುಜಕ್ಕೆ ಜೋರಾಗಿ ಗುದ್ದಿ, "ಉತ್ತರ ಬಂತು, ಕೇಳಿದೆಯಾ?" ಎಂದರು. ನಾನು ಕೇಳಿದ್ದೆ. ಕಣ್ಣು ಒರೆಸಿಕೊಳ್ಳುತ್ತಿದ್ದೆ.

ವಿಡಿಯೋ ಕೈಗೆ ಬಂದಾಗ ಇನ್ನೊಂದು ಎಡವಟ್ಟು. ವಿಡಿಯೋದವನು ಎಂದಿನ ಪದ್ಧತಿಯಂತೆ ಸದ್ದನ್ನು ನೇರ ಟ್ರ್ಯಾಕಿನ ಕಂಪ್ಯೂಟರಿನಿಂದ ತಂತಿ ಎಳೆದು ತೆಗೆದುಕೊಂಡಿದ್ದ. ಬಾಯಿ ಆಡಿಸಿದವರೆಲ್ಲರ ಮಾತೂ ಕೇಳುತ್ತದೆ, ನಿಜವಾಗಿ ಮಾತಾಡಿದ ಒಬ್ಬರದು ಮಾತ್ರ ಕೇಳುವುದಿಲ್ಲ. ಅಳುಕುತ್ತಲೇ ಅವರಿಗೆ ತೋರಿಸಿದೆ. ಪರದೆಯ ಮೇಲೆ ತಮ್ಮ ತುಟಿ ಸದ್ದಿಲ್ಲದೆ ಆಡುವುದನ್ನು ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೇರೆಯವಳ ದನಿಯಾದರೂ ಇಲ್ಲವಲ್ಲ! ಕೇಳಬೇಕೆನ್ನುವವರು ಎದ್ದು ಬರಬೇಕಿತ್ತು. ಬರದಿದ್ದರೆ ಅವರಿಗೇ ನಷ್ಟ," ಎಂದರು.

ಕೆಲವು ವರ್ಷಗಳ ನಂತರ ಅವರು ಮಗ ಕೆನ್ ಇರುವ ಆಸ್ಟಿನ್ನಿಗೆ ಶಿಫ್ಟ್ ಆದರು. ಹೋದ ತಿಂಗಳು ಅಲ್ಲಿಯೇ ತೀರಿಕೊಂಡರು. ನಿನ್ನೆ ಕೆನ್ ಫೋನ್ ಮಾಡಿದ್ದ. ನಾಟಕಕ್ಕೆ ಬರಲಾಗದೆ ಹೋದದ್ದರ ಬಗ್ಗೆ ಅವನಿಗೆ ಇನ್ನೂ ಬೇಸರವಿದೆ. ಅಮ್ಮನ ನೆನಪಿನ ಸಭೆಯಲ್ಲಿ ಆ ವಿಡಿಯೋ ತೋರಿಸಬೇಕಂತೆ. "ಆ ಜಾಗದಲ್ಲಿ ಸೌಂಡ್ ಇಲ್ಲ. ನಿಮ್ಮವರು ಯಾರಾದರೂ ಆ ಒಂದು ಲೈನ್ ಹೇಳಿದರೆ ಸೇರಿಸಬಹುದಲ್ಲ? ದಪ್ಪ ದನಿಯವರು?" ಎಂದ.

"ಬೇಡ," ಎಂದೆ.

"ಜನ ಯಾಕೆ ಸದ್ದಿಲ್ಲ ಅಂತ ಕೇಳುತ್ತಾರೆ."

"ಕೇಳಲಿ. ಆ ದನಿ ಹೇಗಿತ್ತು ಅಂತ ನೀನೇ ಎದ್ದು ನಿಂತು ಹೇಳು. ಇಡೀ ಜಪಾನ್ ಕೇಳದೆ ಇದ್ದದ್ದನ್ನ ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದವನು ನೀನು."

ಅಮ್ಮನ ದನಿ ಹೇಗಿತ್ತು ಎಂದು ಅವನು ಆಗಲೇ, ಫೋನಿನಲ್ಲೇ, ನನಗೆ ಹೇಳತೊಡಗಿದ.